ವರ್ಕ್‌ಶಾಪಿನ ಅಣ್ಣನಿಗೆ, ಮತ್ತು ಎಲ್ಲರಿಗೂ

ಸೋಮವಾರ ನನ್ನ ಥೀಸಿಸ್ಸಿನ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಅವತ್ತಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೇ ಉತ್ತರಿಸಲು ಆಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಗೈಡ್ ಸರ್, ಲೇಸರ್ ಅಲೈನ್ ಮಾಡುವುದನ್ನು ಕಲಿಸಿದ ಸೀನಿಯರ್‌ಗಳು, ಹಾಸ್ಟೆಲಿನ ಗೆಳತಿಯರು, ಊರಿನ ಜವಾಬ್ದಾರಿಯನ್ನೆಲ್ಲ ಒಬ್ಬನೇ ಹೊತ್ತ ತಮ್ಮ, ನಿಮಗೆಲ್ಲ ಮನಸಾರೆ ವಂದನೆ. ಥೀಸಿಸ್ಸಿನ ಮೊದಲ ಪುಟಗಳಲ್ಲಿ ನಿಮ್ಮೆಲ್ಲರ ಹೆಸರಿದೆ. ವರ್ಕ್‌ಶಾಪಿನ ಅಣ್ಣನ ಹೆಸರೂ ಇದೆ. ಆದರೆ ಅಲ್ಲಿರುವುದು ಒಂದೇ ಸಾಲು. ಅದು ಸಾಲದು.

ಅಪ್ಪನ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. 'ಐಸಿಯುಗೆ ಹಾಕಿದ್ದಾರೆ, ಈಗ ಯಾರನ್ನೂ ಒಳಗೆ ಬಿಡಲ್ಲ, ಬೆಳಿಗ್ಗೆ ಹೊರಟು ಬಾ' ಎಂದು ರಾತ್ರಿ ತಮ್ಮ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. ಗಾಳಿ ತೆಗೆದು ಪ್ರಯೋಗ ಮಾಡುವ ಚೇಂಬರಿನಲ್ಲಿ ಎಲ್ಲೋ ಲೀಕ್ ಆಗಿ ವ್ಯಾಕ್ಯೂಮ್ (ನಿರ್ವಾತ) ಬರುತ್ತಿರಲಿಲ್ಲ. ಅದನ್ನು ನೋಡಲೆಂದೇ ಡ್ಯೂಟಿ ಮುಗಿದರೂ ಅಣ್ಣ ಉಳಿದಿದ್ದರು. ವಿಷಯ ಕೇಳಿದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. 'ಇವತ್ತು ಬರಲ್ಲ' ಎಂದು ಮನೆಗೆ ಫೋನ್ ಮಾಡಿ, ಟಾರ್ಚನ್ನು ನನ್ನ ಕೈಗಿತ್ತು, 'ಇಲ್ಲಿ ಹಿಡ್ಕೊಳಮ್ಮ' ಎಂದರು.

ಚೇಂಬರಿನ ಭಾಗಗಳು ಕೂಡುವ ಒಂದೊಂದೇ ಫ್ಲಾಂಜಿನ ಸುತ್ತ ಅವರು ಸಿರಿಂಜಿನಿಂದ ಅಸಿಟೋನ್ ಬಿಡುತ್ತ ಹೋದರು. ಲೀಕ್ ಇರುವ ಕಡೆ ಬಿದ್ದರೆ ಗೇಜಿನ ರೀಡಿಂಗ್ ತಟ್ಟನೆ ಬದಲಾಗುತ್ತದೆ. ಅದನ್ನು ನೋಡುವುದು ನನ್ನ ಕೆಲಸ. ಫೋನಿನ ಕಡೆ ನೋಡಲು ನನಗೆ ಬಿಡುವೇ ಸಿಗದಂತೆ ಅವರು ಹಾಗೆ ಮಾಡಿದರೆಂದು ಈಗ ಅನ್ನಿಸುತ್ತದೆ.

'ಅಲ್ಲಮ್ಮ, ಇಷ್ಟು ಗಾಳಿ ತೆಗೆದು ಒಳಗೆ ಏನು ನೋಡ್ತೀರಿ?' ಎಂದು ಕೇಳಿದರು. ನಮ್ಮಲ್ಲಿ ಎಲ್ಲರೂ ಮೊದಲು ಕಲಿಯುವ ಉದಾಹರಣೆ ಹೇಳಿದೆ. ಫೀನಾಲ್ ಅನ್ನುವ ರಾಸಾಯನಿಕದ ಆವಿ ಹೀಲಿಯಂ ಜೊತೆ ಸಣ್ಣ ನಾಜಲಿನಿಂದ ನಿರ್ವಾತಕ್ಕೆ ನುಗ್ಗಿದಾಗ ಕೆಲವೇ ಕೆಲ್ವಿನ್‌ಗೆ ತಣ್ಣಗಾಗುತ್ತದೆ. ಆ ಚಳಿಯಲ್ಲಿ ನೀರಿನ ಅಣುವೊಂದು ಬಂದು ಅಂಟಿಕೊಂಡರೆ ಬಿಡುವುದಿಲ್ಲ. ಒಂಟಿ ಫೀನಾಲಿನ ಓ-ಎಚ್ (ಆಕ್ಸಿಜನ್-ಹೈಡ್ರೋಜನ್) ಬಂಧದ ಕಂಪನ ಸೆಂಟಿಮೀಟರಿಗೆ 3657 ಅಲೆಗಳ ಹತ್ತಿರ ಕಾಣುತ್ತದೆ. ನೀರು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡರೆ ಆ ಓ-ಎಚ್ ಬಂಧ ಸಡಿಲಾಗಿ ಕಂಪನ 3524ರ ಹತ್ತಿರಕ್ಕೆ ಇಳಿಯುತ್ತದೆ. 2011ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯೆ ಕೊಟ್ಟಾಗ ಈ ಇಳಿತವೂ ಅದರ ಗುರುತುಗಳಲ್ಲಿ ಸೇರಿತು. ಆ ತಂಡವನ್ನು ಮುನ್ನಡೆಸಿದವರು ನಮ್ಮ ಬೆಂಗಳೂರಿನ ಪ್ರೊ. ಇ. ಅರುಣನ್ ಎಂದೂ ಹೇಳಿದೆ.

ಅಣ್ಣ ಸ್ಪ್ಯಾನರ್ ಕೆಳಗಿಟ್ಟರು. 'ಒಂದೇ ಒಂದು ಅಣು ನೀರು ಬಂದು ಹಿಡಿದರೂ ಗೊತ್ತಾಗುತ್ತಾ?'

ಗೊತ್ತಾಗುತ್ತೆ ಅಣ್ಣ, ಎಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅದು ನಿಲ್ಲುವವರೆಗೂ ಅವರು ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

ಬೆಳಗಿನ ಜಾವ ಲೇಸರ್ ಕಿಟಕಿಯ ಓ-ರಿಂಗ್, ಅಂದರೆ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಸೀಳಿರುವುದು ಸಿಕ್ಕಿತು. ಅದನ್ನು ಹಾಗೇ ಬಿಟ್ಟು, ನನ್ನನ್ನು ಬೈಕಿನಲ್ಲಿ ಮೆಜೆಸ್ಟಿಕ್‌ಗೆ ಕರೆದೊಯ್ದು ಶಿವಮೊಗ್ಗದ ಬಸ್ಸಿನಲ್ಲಿ ಕೂರಿಸಿ ವಾಪಸಾದರು. ಊರು ತಲುಪುವ ಹೊತ್ತಿಗೆ ಮೆಸೇಜ್ ಬಂದಿತ್ತು: 'ವ್ಯಾಕ್ಯೂಮ್ ಬಂತು. ಅಪ್ಪ ಹೇಗಿದ್ದಾರೆ?'

ಅಪ್ಪ ಈ ದಿನ ನೋಡಲಿಲ್ಲ. ವೈವಾ ಮುಗಿದು ಎಲ್ಲರೂ ಚಪ್ಪಾಳೆ ತಟ್ಟುವಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಬಂತು. ಯಾರ ಮೇಲೆ ಅಂತ ಹೇಳಲಿ! ಆಮೇಲೆ ಕಣ್ಣೆತ್ತಿದರೆ ಕೊನೆಯ ಸಾಲಿನಲ್ಲಿ ಅಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಥೀಸಿಸ್ಸಿನ ಮೂರನೇ ಅಧ್ಯಾಯದ ಸ್ಪೆಕ್ಟ್ರಮ್‌ಗಳೆಲ್ಲ ಅವರು ಆ ಓ-ರಿಂಗ್ ಹಾಕಿದ ಮೇಲೆ ಬಂದವು. ಅದನ್ನು ಅವತ್ತು ಸಭೆಯಲ್ಲೇ ಹೇಳಬೇಕಿತ್ತು, ಗಂಟಲು ಕಟ್ಟಿತ್ತು.

ಅಣ್ಣ, ಅಮ್ಮ ನಿಮ್ಮನ್ನು ನೋಡಬೇಕು ಅಂತಿದ್ದಾರೆ. ಮುಂದಿನ ವಾರ ಬೆಂಗಳೂರಿಗೆ ಬರ್ತಾರೆ. ಅತ್ತಿಗೆಗೆ ಹೇಳಿಡಿ, ಭಾನುವಾರ ನಾವಿಬ್ಬರೂ ಮನೆಗೆ ಬರ್ತೀವಿ.