ಬಿದ್ರಿ ಫೋಟೊ ಜೊತೆ ತೂಕವೂ ಇರಲಿ

ಮಾನ್ಯರೇ,

ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ನಮ್ಮ ಬೀದರಿನ ಕರಕುಶಲ ಕಲೆ. ಆದರೆ ಆನ್‌ಲೈನ್‌ನಲ್ಲಿ ‘ಬಿದ್ರಿ’ ಎಂದು ಮಾರುವ ಎಲ್ಲವೂ ಬೀದರಿನದಲ್ಲ. ಅಲ್ಯೂಮಿನಿಯಂಗೆ ಕಪ್ಪು ಬಳಿದು, ಬೆಳ್ಳಿ ಬಣ್ಣದ ಹೂಬಳ್ಳಿ ಅಚ್ಚೊತ್ತಿದರೆ ಫೋಟೊದಲ್ಲಿ ಗುರುತಿಸುವುದು ಕಷ್ಟ. ತೂಕ ಮಾತ್ರ ಸುಳ್ಳು ಹೇಳದು. ಬಿದ್ರಿ ಎರಕದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಅಷ್ಟೇ ಗಾತ್ರ, ಅಷ್ಟೇ ದಪ್ಪದ ಅಲ್ಯೂಮಿನಿಯಂಗಿಂತ ಅದು ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಪ್ರತಿ ವಸ್ತುವಿನ ಕೆಳಗೆ ಗ್ರಾಂನಲ್ಲಿ ತೂಕ, ಸೆಂ.ಮೀ.ನಲ್ಲಿ ಎತ್ತರ, ಕೂರಿಸಿದ್ದು ಬೆಳ್ಳಿ ತಂತಿಯೋ ತಗಡೋ ಎಂಬುದನ್ನು ಬರೆಯಲೇಬೇಕು.

ಫೋಟೊ ತೆಗೆಯುವುದರಲ್ಲೂ ನಮ್ಮ ಕುಶಲಕರ್ಮಿಗಳಿಗೆ ನಷ್ಟವಾಗುತ್ತಿದೆ. ಫ್ಲ್ಯಾಶ್ ಬಿದ್ದರೆ ಬೆಳ್ಳಿ ಗೆರೆಗಳು ಬೆಳ್ಳಗೆ ಕಲಸಿಹೋಗುತ್ತವೆ. ಇನ್ನು ಮೊಬೈಲ್ ಕ್ಯಾಮೆರಾ, ಕಪ್ಪನ್ನು ಕತ್ತಲೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಬೀದರ್ ಕೋಟೆಯ ಮಣ್ಣು, ನವಸಾಗರದಿಂದ (ಅಮೋನಿಯಂ ಕ್ಲೋರೈಡ್) ಬಂದ ಆ ಗಾಢ ಕಪ್ಪು ಬೂದಿಯಂತೆ ಕಾಣುತ್ತದೆ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಬೆರಳಚ್ಚು ಒರೆಸಿ, ಫ್ಲ್ಯಾಶ್ ಆರಿಸಿ, ಪರದೆಯಲ್ಲಿ ವಸ್ತುವಿನ ಮೇಲೆ ಒತ್ತಿ ಬೆಳಕಿನ ಗುರುತನ್ನು ಕೆಳಗೆಳೆದರೆ ಸಾಕು, ಕಪ್ಪು ಕಪ್ಪಾಗಿಯೇ ಬರುತ್ತದೆ. ಜೊತೆಗೆ, ಕೊರೆದ ಗೆರೆಯೊಳಗೆ ತಂತಿ ಬಡಿದು ಕೂರಿಸುವ ಅರ್ಧ ನಿಮಿಷದ ವಿಡಿಯೊ ಹಾಕಲಿ. ಆ ಹಂತದಲ್ಲಿ ಲೋಹಕ್ಕೆ ಕೊನೆಯ ಗಾಢ ಕಪ್ಪು ಇನ್ನೂ ಬಂದಿರುವುದಿಲ್ಲ. ನಕಲಿ ಮಾಡುವವರ ಬಳಿ ತೋರಿಸಲು ಆ ಹಂತವೇ ಇಲ್ಲ.

ಬಿದ್ರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಅದರ ಅಧಿಕೃತ ಬಳಕೆದಾರರಾಗಿ ಇನ್ನೂ ಹೆಸರು ನೋಂದಾಯಿಸದ ಕುಶಲಕರ್ಮಿಗಳ ಅರ್ಜಿ ತುಂಬಿಸಿ, ಆ ನೋಂದಣಿ ಸಂಖ್ಯೆಯನ್ನು ಮಾರಾಟದ ಪುಟದಲ್ಲಿ ಹಾಕಿಸುವ ಶಿಬಿರವನ್ನು ಜಿಲ್ಲಾಡಳಿತ ಅವರ ಓಣಿಗಳಲ್ಲೇ ನಡೆಸಬೇಕು.

– ಓದುಗರು, ಬೀದರ್