ಕಾಡು ಕೊಕೊ: ಕಹಿಗೆ ಹುರಿಯುವವನೊಬ್ಬನೇ ಹೊಣೆಯಲ್ಲ

ಮಾನ್ಯರೇ,

ಬೊಲಿವಿಯಾದ ಬೇನಿ ಪ್ರದೇಶದ ಕಾಡು ಕೊಕೊದ ಡಾರ್ಕ್ ಚಾಕೊಲೇಟ್ ಒಗರೊಗರಾಗಿದ್ದರೆ ಎಲ್ಲರೂ ದೂರುವುದು ಬೀಜ ಹುರಿದವನನ್ನು. ಆದರೆ ಬಹುತೇಕ ಕೆಡುವುದು ಅದಕ್ಕೂ ಮುನ್ನ, ಬೀಜವನ್ನು ಹುದುಗಿಸಿ ಹುಳಿ ಬರಿಸುವ ಪೆಟ್ಟಿಗೆಯಲ್ಲೇ. ಕಾಯಿ ಒಡೆದ ದಿನವೇ ಲೋಳೆ ಸಮೇತ ಬೀಜವನ್ನು ಮರದ ಪೆಟ್ಟಿಗೆಗೆ ತುಂಬಿ, ಬಾಳೆಲೆ ಮುಚ್ಚಿ ಐದಾರು ದಿನ ಇಡಬೇಕು. ಎರಡನೇ ದಿನದಿಂದ ಮಗುಚದಿದ್ದರೆ ಗಾಳಿಯಾಡದೆ ರಾಶಿಯ ಬಿಸಿ ಹುಳಿ ಬರಲು ಬೇಕಾದ 45 ಡಿಗ್ರಿಗೆ ಏರುವುದು ಕಷ್ಟ. ಬೀಜ ಸೀಳಿ ನೋಡಿ: ಒಳಗೆ ಬೂದು ಬಣ್ಣ ಉಳಿದಿದ್ದರೆ ಒಗರು ಖಚಿತ. ಒಣಗಿಸುವಾಗ ತೇವಾಂಶ ಶೇ 7ಕ್ಕೆ ಇಳಿಯದಿದ್ದರೆ ಬೂಸ್ಟು. ಕಟ್ಟಿಗೆ ಹೊಗೆಯಲ್ಲಿ ಒಣಗಿಸುವುದಂತೂ ಬೇಡವೇ ಬೇಡ, ಆ ವಾಸನೆ ಎಷ್ಟು ಅರೆದರೂ ಬಿಡದು.

ಬೇನಿಯ ಬೀಜ ತೋಟದ ಬೀಜಕ್ಕಿಂತ ತೀರ ಸಣ್ಣದು. ಎರಡನ್ನೂ ಬೆರೆಸಿ ಹುರಿದರೆ ಸಣ್ಣದು ಸೀಯುತ್ತದೆ, ದೊಡ್ಡದು ಹಸಿಯಾಗಿಯೇ ಇರುತ್ತದೆ. ಬೇರೆ ಬೇರೆಯಾಗಿ, 120 ಡಿಗ್ರಿ ಆಸುಪಾಸಿನಲ್ಲಿ ಹುರಿಯುವುದೇ ಸರಿ. ಲೇಬಲ್ಲಿನಲ್ಲಿ ಶೇಕಡಾವಾರು ಕೊಕೊದ ಜತೆ ಹುಳಿ ಬರಿಸಿದ ದಿನಗಳನ್ನೂ ನಮೂದಿಸಲಿ.

– ಕೊಕೊ ಬೆಳೆಗಾರ, ಸುಳ್ಯ