ಟಾರ್ಚ್ ಬಿಟ್ಟು ನೋಡಿದ ಹುಡುಗನಿಗೆ

ಹೋದ ವರ್ಷ ಇದೇ ವಾರ, ಮುಂದೆ ಹಿಡಿದ ಬೆರಳು ಎಷ್ಟು ಅಂತಲೂ ನನ್ನ ಎಡಗಣ್ಣಿಗೆ ತಿಳಿಯುತ್ತಿರಲಿಲ್ಲ. ಈಗ ಅದೇ ಕಣ್ಣಲ್ಲಿ ಬಸ್ಸಿನ ಬೋರ್ಡ್ ಓದುತ್ತೇನೆ. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಶುರುವಾಗಿದ್ದು ಕುಂಕುಮದಿಂದ. ಬಲಗಣ್ಣಿಗೆ ಸೋಪು ಹೋಗಿತ್ತು, ಮುಚ್ಚಿಕೊಂಡೇ ಬಟ್ಟಲು ತೆಗೆದೆ. ಕೆಂಪೇ ಇಲ್ಲ, ಇಟ್ಟಿಗೆ ಪುಡಿ ಥರ ಕಂಡಿತು. ಕಣ್ಣು ಹೊರಳಿಸಿದರೆ ಒಳಗೆಲ್ಲೋ ನೋವು. ಮೊದಲು ತೋರಿಸಿದ ಕಡೆ ಮೈಗ್ರೇನ್ ಅಂದರು. ಮಾತ್ರೆ ನುಂಗುತ್ತಾ ಒಂದು ವಾರ ಸುಮ್ನೆ ಕಳೆದೆ.

ಪವರ್ ಬದಲಾಗಿರಬೇಕು ಅಂತ ನಮ್ಮೂರಿನ ಕನ್ನಡಕದ ಅಂಗಡಿಗೆ ಹೋದೆ. ಕಣ್ಣು ಚೆಕ್ ಮಾಡುವ ಹುಡುಗ, ನನ್ನ ಮಗನ ವಯಸ್ಸಿನವನು, ಎಷ್ಟು ಲೆನ್ಸ್ ಬದಲಿಸಿದರೂ ಅಕ್ಷರ ಕಾಣಲಿಲ್ಲ. ಆಮೇಲೆ ಪುಟ್ಟ ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸಿದ. ಬೆಳಕು ಬಿದ್ದರೆ ಪಾಪೆ ಕಿರಿದಾಗಬೇಕು. ನನ್ನ ಎಡಗಣ್ಣಿನದು ಅಗಲವಾಗುತ್ತಿತ್ತಂತೆ. "ಆಂಟಿ, ಇದಕ್ಕೆ ಕನ್ನಡಕ ಬೇಡ. ಇದು ನರದ್ದು. ಇವತ್ತೇ ಬೆಂಗಳೂರಿಗೆ ಹೊರಡಿ" ಅಂದ.

ಎಂಆರ್‌ಐನಲ್ಲಿ ಕಣ್ಣಿನ ನರ ಉದ್ದಕ್ಕೂ ಊದಿಕೊಂಡಿತ್ತು. ದಿನಕ್ಕೆ 1 ಗ್ರಾಂನಂತೆ 5 ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಫಲ ಅಷ್ಟಕ್ಕಷ್ಟೇ. ಮಂಗಳೂರಿನ ಲ್ಯಾಬಿಗೆ ಕಳಿಸಿದ ರಕ್ತದ ರಿಪೋರ್ಟ್ ಬರುವವರೆಗೆ ಕಾಯುವುದು ಬೇಡ ಅಂತ ಡಾಕ್ಟರಮ್ಮ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ದ್ರವ, ಬದಲಿಸಲು ಹೇಳಿದರು. ದಿನ ಬಿಟ್ಟು ದಿನ, 5 ಸಲ, ಡಯಾಲಿಸಿಸ್ ಥರದ ಮೆಷಿನ್. ಮೂರನೇ ಸಲ ಮುಗಿಸಿ ವಾರ್ಡಿಗೆ ಬಂದಾಗ ಸಿಸ್ಟರ್ ಸ್ವೆಟರಿನ ಬಣ್ಣ ಕಂಡಿತು. ನೀಲಿ! ಅವರ ಕೈ ಹಿಡಿದು ಅತ್ತುಬಿಟ್ಟೆ. ಆ ಪ್ಲಾಸ್ಮಾ ಕೊಟ್ಟವರು ಯಾರೋ, ಎಲ್ಲಿಯವರೋ. ಅವರ ಮನೆ ತಣ್ಣಗಿರಲಿ.

ರಿಪೋರ್ಟ್ ಬಂತು: ಅಕ್ವಾಪೊರಿನ್-4 ಆಂಟಿಬಾಡಿ ಪಾಸಿಟಿವ್. ಕಾಯಿಲೆ ನ್ಯೂರೋಮೈಲೈಟಿಸ್ ಆಪ್ಟಿಕಾ. ಮೈ ಕಾಯಬೇಕಾದ ಶಕ್ತಿಯೇ, ಈ ಆಂಟಿಬಾಡಿ ಮೂಲಕ, ಕಣ್ಣಿನ ನರ, ಬೆನ್ನುಹುರಿಗಳ ಮೇಲೆ ತಿರುಗಿ ಬೀಳುವುದು. ಈ ಆಂಟಿಬಾಡಿ ಇದೆ ಅಂತ ಗೊತ್ತಾಗಿದ್ದೇ 2004ರಲ್ಲಿ. ಅದಕ್ಕೂ ಮೊದಲು ಎಷ್ಟೋ ಜನರನ್ನು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ಇನ್ನೊಂದು ನರದ ಕಾಯಿಲೆ) ರೋಗಿಗಳು ಅಂದುಕೊಳ್ಳುತ್ತಿದ್ದರಂತೆ. ಎಂಎಸ್‌ನ ಕೆಲವು ಔಷಧಿ ಇದನ್ನು ಇನ್ನೂ ಜಾಸ್ತಿ ಮಾಡುತ್ತವೆ. ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ. ಕಂಡುಹಿಡಿದವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಮತ್ತೆ ಬರದಂತೆ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಅನ್ನುವ ಔಷಧಿಯ ಡ್ರಿಪ್ ಹಾಕಿಸಿಕೊಳ್ಳುತ್ತೇನೆ. ಪ್ರತಿ ಸಲ ಜೊತೆಗೆ ಬಂದು, ದಿನವಿಡೀ ಕೂತು, ನನ್ನ ಗೊಣಗಾಟ ಕೇಳುವ ನಾದಿನಿಗೆ ಏನು ಹೇಳಲಿ? ಹೇಳಿದರೆ ಬೈಯುತ್ತಾಳೆ.

ಮೊನ್ನೆ ಆ ಹುಡುಗನ ಅಂಗಡಿಗೆ ಹೋಗಿದ್ದೆ. ಅವತ್ತು ಆಗದ ವ್ಯಾಪಾರ ಬಾಕಿ ಇತ್ತಲ್ವಾ? ಓದುವ ಕನ್ನಡಕ ಮಾಡಿಸಿಕೊಂಡೆ. ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ.